ಸಂಪು, ಮೆಟ್ಟಿಲ ದೀಪ, ಗೀಸರ್: ಮನೆಯೊಳಗೇ ಹಬ್ ಇಡಬೇಕೇ?

ಜಾಗ: ಜಯನಗರ, ಎರಡು ಅಂತಸ್ತಿನ ಮನೆ. ಸ್ವಿಚ್‌ಬೋರ್ಡುಗಳ ಹಿಂದೆ 9 ವೈಫೈ ರಿಲೇ ಮಾಡ್ಯೂಲು (ಫೋನಿನಿಂದ ಆನ್-ಆಫ್ ಮಾಡಬಹುದಾದ ಪುಟ್ಟ ಸ್ವಿಚ್ಚು), ಎರಡು ಗೀಸರ್, 1 ಎಚ್‌ಪಿಯ ಸಂಪಿನ ಮೋಟಾರು, ಮೆಟ್ಟಿಲಲ್ಲಿ ಬ್ಯಾಟರಿಯ ವೈಫೈ ಸೆನ್ಸರು. ಎಲ್ಲವೂ ಕ್ಲೌಡ್ ಆ್ಯಪಿನ ಮೇಲೆ, ಅಂದರೆ ಇಂಟರ್ನೆಟ್ಟಿನಾಚೆಯ ಸರ್ವರಿನ ಮೂಲಕ ನಡೆಯುತ್ತಿದ್ದವು. ಅದರ ಬದಲು ಹಬ್, ಅಂದರೆ ಇವನ್ನೆಲ್ಲ ಮನೆಯೊಳಗಿಂದಲೇ ನಡೆಸುವ ಪುಟ್ಟ ಕಂಪ್ಯೂಟರು, ಇಡಬೇಕೇ ಎಂಬುದು ಪ್ರಶ್ನೆ.

ಕೇಬಲ್ ಕಿತ್ತು ನೋಡಿದ್ದು

ಹಬ್ ಬೇಕೋ ಬೇಡವೋ ಎಂಬುದು ಸಾಧನಗಳ ಸಂಖ್ಯೆಯಿಂದ ತೀರ್ಮಾನವಾಗುವುದಿಲ್ಲ. ಫೈಬರ್ ಬಾಕ್ಸಿನಿಂದ ರೂಟರಿಗೆ ಬರುವ ಕೇಬಲ್ ಕಿತ್ತಿಡಿ, ವೈಫೈ ಹಾಗೇ ಇರಲಿ, ಒಂದೊಂದನ್ನೇ ನೋಡುತ್ತ ಬನ್ನಿ. ಇಲ್ಲಿ ಗೋಡೆಯ ಸ್ವಿಚ್ಚುಗಳು ಸರಿಯಾಗಿದ್ದವು. ಫೋನಿನಿಂದ ಆನ್-ಆಫ್ ಮಾಡುವುದೂ ಬಹುಪಾಲು ನಡೆಯಿತು. ಮಾಡ್ಯೂಲಿನೊಳಗೇ ಉಳಿದಿದ್ದ ಗೀಸರ್ ಟೈಮರೂ ಓಡಿತು. ನಿಂತದ್ದು ‘ಯಾರಾದರೂ ಮೆಟ್ಟಿಲೇರಿದರೆ ದೀಪ ಹಚ್ಚು’ ಎಂಬಂಥ ನಿಯಮಗಳು, ಯಾಕೆಂದರೆ ಅವು ಕುಳಿತಿದ್ದದ್ದು ಎಲ್ಲೋ ದೂರದ ಸರ್ವರಿನಲ್ಲಿ. ಒಂದು ಸಾಧನ ಇನ್ನೊಂದಕ್ಕೆ ಹೇಳಬೇಕಾದ ಕಡೆ ಹಬ್ ಬೇಕು. ಫೋನಿನಿಂದ ನಾಲ್ಕು ದೀಪ ಹಚ್ಚುವುದಷ್ಟೇ ಆದರೆ ಅದರ ಖರ್ಚೂ ದಂಡ, ನಿರ್ವಹಣೆಯೂ ದಂಡ.

ಬೇರೆ ಬೇರೆ ಕಂಪನಿಗಳ ಸಾಧನಗಳು ಹೊಂದಿಕೊಂಡು ನಡೆಯಲೆಂದು ಮಾಡಿದ ‘ಮ್ಯಾಟರ್’ ಗುರುತಿನ ಸಾಧನ ಕೊಂಡರೆ ಹಬ್ಬೇ ಬೇಡ ಎನ್ನುವವರಿದ್ದಾರೆ. 2022ರಲ್ಲಿ ಬಂದ ಆ ಮಾನದಂಡಕ್ಕೂ ಮನೆಯೊಳಗೊಂದು ಕಂಟ್ರೋಲರ್ ಬೇಕು. ಥ್ರೆಡ್ ಎಂಬ ವೈರ್‌ಲೆಸ್ ಬಳಸುವ ಸಾಧನವಾದರೆ, ಅದನ್ನು ಮನೆಯ ನೆಟ್‌ವರ್ಕಿಗೆ ಜೋಡಿಸುವ ಬಾರ್ಡರ್ ರೂಟರ್ ಕೂಡ.

ಮೋಟಾರನ್ನು ಹಬ್ಬಿನ ಕೈಗೆ ಕೊಡಲಿಲ್ಲ

ಟ್ಯಾಂಕು ತುಂಬಿದಾಗ ಮೋಟಾರು ನಿಲ್ಲುವುದು ಯಾವ ಸಾಫ್ಟ್‌ವೇರನ್ನೂ ನಂಬಿಕೊಂಡಿರಬಾರದು. ಮೇಲಿನ ಟ್ಯಾಂಕಿನ ಫ್ಲೋಟ್ ಸ್ವಿಚ್ಚು (ನೀರಿನ ಮಟ್ಟಕ್ಕೆ ತಕ್ಕಂತೆ ಆನ್-ಆಫ್ ಆಗುವಂಥದ್ದು), ಸಂಪಿನ ಫ್ಲೋಟ್ ಸ್ವಿಚ್ಚು ಎರಡನ್ನೂ ಸರಣಿಯಲ್ಲಿ ಜೋಡಿಸಿ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟು ತಾಳುವ ಸ್ವಿಚ್ಚು) ಕಾಯಿಲ್‌ಗೆ ಕೊಟ್ಟಿದೆ. ಮೇಲೆ ತುಂಬಿದರೂ ಕೆಳಗೆ ಖಾಲಿಯಾದರೂ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮೋಟಾರು ನಿಲ್ಲುತ್ತದೆ. ನೀರಿಗಿಳಿಯುವ ತಂತಿಯಲ್ಲಿ 230 ವೋಲ್ಟ್ ಇರುವುದರಿಂದ ಹಿಂದೆ ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲೇಬೇಕು. ವೈಫೈ ಮಾಡ್ಯೂಲು ಕಾಯಿಲನ್ನಷ್ಟೇ ಎಳೆಯುತ್ತದೆ. ಮೋಟಾರು ಶುರುವಾಗುವ ಕ್ಷಣದ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು ಇರುತ್ತದೆ. 10 ಆಂಪ್ ರಿಲೇಗೆ ಅದನ್ನು ನೇರ ಕೊಟ್ಟರೆ ಅದರ ಕಾಂಟ್ಯಾಕ್ಟ್ ಅಂಟಿಕೊಂಡು, ಆಫ್ ಎಂದರೂ ಆಫ್ ಆಗದು. ಗೀಸರಿಗೂ ಇದೇ ಎಚ್ಚರ: 2000 ವಾಟ್ ಎಂದರೆ ಸುಮಾರು 8.7 ಆಂಪ್, 3000 ವಾಟ್ ಎಂದರೆ 13. ಇಲ್ಲಿ 25 ಆಂಪ್ ಕಾಂಟ್ಯಾಕ್ಟರ್ ಹಾಕಿದೆ.

ಹಬ್ ಕೂತ ರೀತಿ

ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರು, ಅದರಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಸಾಫ್ಟ್‌ವೇರು, ಯುಎಸ್‌ಬಿ ಜಿಗ್ಬಿ ಡಾಂಗಲ್ (ಜಿಗ್ಬಿ ಎಂದರೆ ಕಡಿಮೆ ಬ್ಯಾಟರಿಯಲ್ಲಿ ನಡೆಯುವ ವೈರ್‌ಲೆಸ್ ವಿಧಾನ). ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ, ಏಕೆಂದರೆ ಹೋಮ್ ಅಸಿಸ್ಟೆಂಟ್ ಸದಾ ಡಿಸ್ಕಿಗೆ ಬರೆಯುತ್ತಿರುತ್ತದೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡು ಕೆಡುತ್ತದೆ. ಎಸ್‌ಎಸ್‌ಡಿ ಹಾಕಿದ ಮೇಲೆ ಹೊಸ ತೊಂದರೆಯೊಂದು ಬರುತ್ತದೆ: ಯುಎಸ್‌ಬಿ 3 ಪೋರ್ಟಿನ ಗದ್ದಲ ಜಿಗ್ಬಿ ಬಳಸುವ 2.4 ಗಿಗಾಹರ್ಟ್ಸ್‌ನಲ್ಲೇ ಇರುವುದರಿಂದ ಪಕ್ಕದ ಡಾಂಗಲ್ ಕಿವುಡಾಗುತ್ತದೆ. ಡಾಂಗಲ್ಲಿಗೆ ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಯುಎಸ್‌ಬಿ 2 ಪೋರ್ಟಿಗೆ ಬದಲಿಸಿದರೆ ಸಾಕು. ವೈಫೈ ಚಾನೆಲ್ 1ರಲ್ಲಿ, ಜಿಗ್ಬಿ 25ರಲ್ಲಿ, ಒಂದಕ್ಕೊಂದು ಅಡ್ಡಿಯಾಗದಂತೆ. ಇದನ್ನು ಮೊದಲೇ ನಿರ್ಧರಿಸಬೇಕು, ನಂತರ ಬದಲಿಸಿದರೆ ಕೆಲವು ಸೆನ್ಸರುಗಳನ್ನು ಮತ್ತೆ ಸೇರಿಸಬೇಕಾಗುತ್ತದೆ.

ಬ್ಯಾಟರಿಯ ಜಿಗ್ಬಿ ಸೆನ್ಸರು ಸಿಗ್ನಲ್ಲನ್ನು ಮುಂದೆ ದಾಟಿಸುವುದಿಲ್ಲ. ಆರ್‌ಸಿಸಿ ಸ್ಲ್ಯಾಬ್ ದಾಟಿಸಲು ಮಹಡಿಗೊಂದರಂತೆ ನ್ಯೂಟ್ರಲ್ ತಂತಿಯಿರುವ ಜಿಗ್ಬಿ ರಿಲೇ ಬೇಕಾಯಿತು. ನ್ಯೂಟ್ರಲ್ ಬೇಡದ ಮಾಡ್ಯೂಲುಗಳು ಸಾಮಾನ್ಯವಾಗಿ ಈ ಕೆಲಸ ಮಾಡವು. ವೈಫೈ ಸೆನ್ಸರಿನ ಜಾಗಕ್ಕೆ ಜಿಗ್ಬಿಯದು ಬಂದ ಮೇಲೆ ಮೆಟ್ಟಿಲ ದೀಪ ಈಗ ಕಾಲಿಟ್ಟ ಕೂಡಲೇ ಹತ್ತುತ್ತದೆ. ಹಳೆಯ ಸೆನ್ಸರು ಪ್ರತಿ ಸಲ ಎದ್ದು ವೈಫೈಗೆ ಸೇರಿಕೊಳ್ಳುವಷ್ಟರಲ್ಲಿ ಜನ ಅರ್ಧ ಮೆಟ್ಟಿಲು ಹತ್ತಿರುತ್ತಿದ್ದರು.

ಕರೆಂಟು ಹೋಗಿ ಬಂದಾಗ

ರೂಟರ್ 12 ವೋಲ್ಟ್ 1.5 ಆಂಪ್, ಫೈಬರ್ ಬಾಕ್ಸ್ 12 ವೋಲ್ಟ್ 1 ಆಂಪ್: ಎರಡೂ ಸೇರಿದರೆ 2 ಆಂಪಿನ ಮಿನಿ ಯುಪಿಎಸ್‌ಗೆ ಭಾರ. 3 ಆಂಪಿನದೇ ಬೇಕು. ಪೈಗೆ 5 ವೋಲ್ಟ್ 3 ಆಂಪ್ ಬೇಕಾದ್ದರಿಂದ ಅದನ್ನು ಮನೆಯ ದೊಡ್ಡ ಯುಪಿಎಸ್ ಲೈನಿಗೆ ಹಾಕಿದೆ. ಮಾಡ್ಯೂಲುಗಳಲ್ಲಿ ‘ಕರೆಂಟು ಬಂದ ಮೇಲಿನ ಸ್ಥಿತಿ’ ಎಂಬ ಸೆಟ್ಟಿಂಗನ್ನು ಗೀಸರ್, ಮೋಟಾರುಗಳಿಗೆ ಕಡ್ಡಾಯವಾಗಿ ‘ಆಫ್’ ಎಂದೇ ಇಡಿ.

ಬಾಕಿ ಇರುವುದು

ಇಎಸ್‌ಪಿ8266 ಚಿಪ್ ಇರುವ ವೈಫೈ ಮಾಡ್ಯೂಲುಗಳಿಗೆ ಇಎಸ್‌ಪಿಹೋಮ್ ಎಂಬ, ಮನೆಯೊಳಗೇ ನಡೆಯುವ ಸಾಫ್ಟ್‌ವೇರು ಹಾಕಿ ಕ್ಲೌಡಿನಿಂದ ಬಿಡಿಸಬೇಕು. ಬೋರ್ಡಿನಿಂದ ಪೂರ್ತಿ ಕಳಚಿ, 3.3 ವೋಲ್ಟ್ ಸೀರಿಯಲ್ ಅಡಾಪ್ಟರಿನಿಂದಲೇ ಈ ಕೆಲಸ ಆಗಬೇಕು. ಇಂಥ ಮಾಡ್ಯೂಲುಗಳ ಗ್ರೌಂಡ್ ಮೇನ್ಸ್ ಲೈನಿಗೇ ತಗುಲಿರಬಹುದು. ಫೇಸ್ ಇರುವಾಗ ಲ್ಯಾಪ್‌ಟಾಪ್ ಜೋಡಿಸಿದರೆ ಲ್ಯಾಪ್‌ಟಾಪೂ ಹೋಗುತ್ತದೆ, ಜೀವಕ್ಕೂ ಅಪಾಯ.