ಗಾಡಿ ಹೂತ್ಕೊಂಡಾಗ ಹಗ್ಗಕ್ಕಿಂತ ಮೊದ್ಲು ಕೊಂಡಿ ನೋಡಿ

ಆರಿದ್ರಾ ಮಳೆ ಹಿಡೀತು ಅಂದ್ರೆ ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ತೋಟದ ರಸ್ತೆಗಳಲ್ಲಿ ಎಲ್ಲಾದ್ರೂ ಒಂದು ಗಾಡಿ ಹೂತ್ಕೊಂಡೇ ಇರುತ್ತೆ. ಹಳೇ ಜೀಪಿನವ್ರು ಹಿಂದಿನ ಟೈರಿಗೆ ಚೈನ್ ಸುತ್ಕೊಂಡು ಹತ್ತಿ ಹೋಗ್ತಾರೆ, ಯಾವ ತಿರುವಲ್ಲಿ ಎಷ್ಟು ಹುದುಲಿದೆ ಅಂತ ಅವ್ರಿಗೆ ಗೊತ್ತು. ಸಿಕ್ಕಾಕ್ಕೊಳ್ಳೋದು ವೀಕೆಂಡಿಗೆ ಬರೋ ಹೊಸ ಥಾರು, ಜಿಮ್ನಿ, ಮ್ಯಾಪ್ ನಂಬ್ಕೊಂಡು ಹೋಮ್‌ಸ್ಟೇ ಹುಡುಕೋ ಕಾರುಗಳು. ಆಮೇಲೆ ತೋಟದ ಕೆಲಸದವ್ರ ಲೈನ್ ಮನೆಯಿಂದ, ಪಕ್ಕದ ತೋಟದಿಂದ ಎಲ್ರೂ ಓಡ್ಬರ್ತಾರೆ, ಸಿಕ್ಕಿದ ಹಗ್ಗನೋ ಸರಪಳಿನೋ ಸಿಕ್ಕಿದ ಕಡೆ ಕಟ್ತಾರೆ, ಒಬ್ರು ಎಳೀ ಎಳೀ ಅಂತಾರೆ, ಸುತ್ತ ಹತ್ತು ಜನ ಹುಡುಗ್ರು ಮೊಬೈಲ್ ಹಿಡ್ಕೊಂಡು ನಿಂತಿರ್ತಾರೆ. ಆ ಸಹಾಯ ಮಾಡೋ ಗುಣ ದೊಡ್ಡದು, ಆದ್ರೆ ಆ ನಿಂತಿರೋ ಜಾಗ ನೋಡಿದ್ರೆ ನಂಗೆ ಎದೆ ಧಸಕ್ ಅನ್ನುತ್ತೆ.

ಯಾವ ಹಗ್ಗ ತಗೊಳ್ಲಿ ಅಂತ ಎಲ್ರೂ ಕೇಳ್ತಾರೆ, ಎಲ್ಲಿಗೆ ಕಟ್ಲಿ ಅಂತ ಕೇಳೋರು ಕಮ್ಮಿ. ನನ್ನ ಲೆಕ್ಕದಲ್ಲಿ ಮೊದ್ಲ ದುಡ್ಡು ಹೋಗ್ಬೇಕಾಗಿರೋದು ಕೊಂಡಿಗೆ, ಅಂದ್ರೆ ಹಗ್ಗ ಸಿಕ್ಸೋಕೆ ಗಾಡೀಲೇ ಇರೋ ಗಟ್ಟಿ ಹಿಡಿಗೆ. ಬರೀ ಹಗ್ಗ ಹರಿದ್ರೂ ಏಟು ಬೀಳುತ್ತೆ, ಆದ್ರೆ ಹಗ್ಗದ ತುದೀಲಿ ಕಬ್ಬಿಣ ಕಿತ್ಕೊಂಡು ಬಂದ್ರೆ ಅದು ಗುಂಡಿನ ಥರ ಬರುತ್ತೆ, ವಿಂಡ್‌ಶೀಲ್ಡ್ ಅದನ್ನ ತಡೆಯಲ್ಲ. ಟ್ರೇಲರ್ ಸಿಕ್ಸೋಕೆ ಅಂತ ಹಿಂದ್ಗಡೆ ಒಂದು ಗುಂಡು ಇರುತ್ತಲ್ಲ, ಟೋ ಬಾಲ್, ಅದಕ್ಕೆ ಯಾವತ್ತೂ ಕಟ್ಬೇಡಿ. ಆಸ್ಟ್ರೇಲಿಯಾದಲ್ಲಿ ಅದು ಮುರಿದು ಹಾರಿ ಬಡಿದು ಜನ ಸತ್ತಿದಾರೆ. ಅದು ಟ್ರೇಲರನ್ನ ಸಮಾಧಾನವಾಗಿ ಎಳ್ಕೊಂಡು ಹೋಗೋಕೆ ಮಾಡಿರೋದು, ಜರ್ಕ್ ತಡ್ಕೊಳ್ಳೋಕಲ್ಲ.

ಮಾಮೂಲಿ ಕಾರಿನ ಟೂಲ್ ಕಿಟ್‌ನಲ್ಲಿ ತಿರುಗಿಸಿ ಹಾಕೋ ಒಂದು ಕೊಂಡಿ ಕೊಟ್ಟಿರ್ತಾರೆ, ಅದೂ ಅಷ್ಟೇ, ಕೆಟ್ಟ ಗಾಡೀನ ಟಾರ್ ರಸ್ತೇಲಿ ನೇರವಾಗಿ, ನಿಧಾನಕ್ಕೆ ಎಳೆಯೋಕೆ ಇರೋದು, ಕೆಸರಲ್ಲಿ ಹೊಟ್ಟೆವರೆಗೂ ಕೂತಿರೋ ಗಾಡೀನ ಅದರಿಂದ ಜಗ್ಗಿದ್ರೆ ಬಗ್ಗುತ್ತೆ ಇಲ್ಲಾ ಕಿತ್ಕೊಂಡು ಬರುತ್ತೆ, ಅಡ್ಡಡ್ಡ ಎಳೆದ್ರಂತೂ ಇನ್ನೂ ಬೇಗ. ಕೆಳಗಡೆ ಲಾರಿ ಮೇಲೆ ಗಾಡಿ ಸಾಗಿಸುವಾಗ ಕಟ್ಟೋಕೆ ಅಂತ ಸಣ್ಣ ಕಿವಿಗಳು ಇರ್ತವೆ, ಅದನ್ನೂ ಮುಟ್ಬೇಡಿ, ಬಂಪರ್ ಬೇಡ, ಆಕ್ಸಲ್, ಸ್ಟೇರಿಂಗ್ ರಾಡ್ ಬೇಡವೇ ಬೇಡ. ಚಾಸಿಗೆ ಬೋಲ್ಟ್ ಹಾಕಿ ಕೂರಿಸಿರೋ, ಎಷ್ಟು ಲೋಡ್ ತಡೀತದೆ ಅನ್ನೋ ರೇಟಿಂಗ್ ಇರೋ ಕೊಂಡಿ ಮುಂದೊಂದು ಹಿಂದೊಂದು ಇಲ್ದೆ ಹೋದ್ರೆ ಆ ಗಾಡೀನ ಜರ್ಕ್ ಹೊಡ್ದು ಎಳೆಯೋ ಮಾತೇ ಬೇಡ, ಗುದ್ದಲಿ ತಗೊಳ್ಳಿ.

ಈಗ ಹಗ್ಗ. ಅಂಗಡೀಲಿ ಟೋಯಿಂಗ್ ಬೆಲ್ಟ್ ಅಂತ ಸಿಗೋದು ಸಾಮಾನ್ಯವಾಗಿ ಪಾಲಿಯೆಸ್ಟರ್, ಅದು ಹಿಗ್ಗೋದು ತೀರಾ ಕಮ್ಮಿ, ನಿಧಾನಕ್ಕೆ ಎಳ್ಕೊಂಡು ಹೋಗೋಕೆ ಚೆನ್ನಾಗಿರುತ್ತೆ. ಇನ್ನೊಂದು ನೈಲಾನಿಂದು, ಸ್ನ್ಯಾಚ್ ಸ್ಟ್ರಾಪ್ ಅಂತಲೋ ಕೈನೆಟಿಕ್ ರೋಪ್ ಅಂತಲೋ ಕರೀತಾರೆ, ಸ್ಟ್ರಾಪ್ 20% ಹತ್ರ ಹಿಗ್ಗುತ್ತೆ, ರೋಪ್ 30%ವರೆಗೂ ಹೋಗುತ್ತೆ. ಎಳೆಯೋ ಗಾಡಿ ಸ್ವಲ್ಪ ಓಡಿ ಬಂದಾಗ ಆ ಶಕ್ತಿ ಎಲ್ಲಾ ಹಗ್ಗದೊಳಗೆ ತುಂಬ್ಕೊಂಡು ಆಮೇಲೆ ಹೂತಿರೋ ಗಾಡೀನ ಮೆತ್ತಗೆ ಕಿತ್ಕೊಂಡು ಬರುತ್ತೆ. ಹಿಗ್ಗದ ಬೆಲ್ಟಿಗೋ ಸರಪಳಿಗೋ ಹಾಗೆ ಓಡಿ ಜಗ್ಗಿದ್ರೆ ಆ ಏಟೆಲ್ಲಾ ನೇರ ಕೊಂಡಿ ಮೇಲೆ. ಇನ್ನೊಂದು ವಿಷ್ಯ, ಸ್ಪೀಡು ಡಬಲ್ ಆದ್ರೆ ಶಕ್ತಿ ನಾಲ್ಕು ಪಟ್ಟಾಗುತ್ತೆ, ಅದಕ್ಕೇ ಮೊದ್ಲ ಎಳೆತ ನಡಿಗೆ ವೇಗದಲ್ಲೇ ಇರ್ಲಿ, ಬರ್ಲಿಲ್ಲ ಅಂದ್ರೆ ಇಳಿದು ಇನ್ನಷ್ಟು ಮಣ್ಣು ತೆಗೀರಿ, ಆಕ್ಸಿಲರೇಟರ್ ಇನ್ನಷ್ಟು ಒತ್ತೋದಲ್ಲ.

ಅಳತೆ ವಿಷ್ಯಕ್ಕೆ, ಎರಡು ಗಾಡೀಲಿ ಹಗುರ ಇರೋದರ ಲೋಡ್ ಸಮೇತ ತೂಕದ ಎರಡರಿಂದ ಮೂರು ಪಟ್ಟು ಹರಿಯೋ ಬಲ (ಎಷ್ಟು ಲೋಡಿಗೆ ಹರಿದು ಹೋಗುತ್ತೋ ಅದು) ಇರೋ ಸ್ಟ್ರಾಪ್ ಸರಿ. ಎರಡೂವರೆ ಟನ್ ಗಾಡಿಗೆ ಸುಮಾರು 7 ಟನ್ ಅಂದ್ಕೊಳ್ಳಿ. ಜಾಸ್ತಿ ದಪ್ಪ ಇದ್ರೆ ಒಳ್ಳೇದು ಅಂತ ಹದಿನೈದು ಟನ್ನಿಂದು ತಗೊಂಡು ಜಿಮ್ನಿಗೆ ಕಟ್ಟಿದ್ರೆ ಅದು ಹಿಗ್ಗೋದೇ ಇಲ್ಲ, ಸರಪಳಿಗೂ ಅದಕ್ಕೂ ವ್ಯತ್ಯಾಸ ಉಳಿಯಲ್ಲ.

ಸ್ಟ್ರಾಪನ್ನ ಕೊಂಡಿಗೆ ಸಿಕ್ಸೋ, ಪಿನ್ ಹಾಕಿ ಮುಚ್ಚೋ ಕಬ್ಬಿಣದ ಬಳೆ ಇದೆಯಲ್ಲ, ಆ ಶ್ಯಾಕಲ್ ಕೈಗೆತ್ಕೊಂಡು ನೋಡಿ. ಒಳ್ಳೇದರ ಮೈಮೇಲೆ ಉಬ್ಬು ಅಕ್ಷರದಲ್ಲಿ ಎಷ್ಟು ಟನ್ ಅಂತ ಇರುತ್ತೆ, ಮುಕ್ಕಾಲು ಇಂಚಿನ ಬೋ ಶ್ಯಾಕಲ್ ಆದ್ರೆ 4.75 ಟನ್. ಅದು ಕೆಲಸದ ಲೋಡು, ಅಂದ್ರೆ ಧೈರ್ಯವಾಗಿ ಹಾಕ್ಬಹುದಾದ ಲೋಡು, ಮುರಿಯೋ ಬಲ ಅಲ್ಲ. ಸ್ಟ್ರಾಪ್ ಮೇಲೆ ಬರೆದಿರೋದು ಹೆಚ್ಚಾಗಿ ಹರಿಯೋ ಬಲ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸ್ಬೇಡಿ. ಅಕ್ಷರನೇ ಇಲ್ದಿರೋ, ಬರೀ ಹೊಳೆಯೋ ಬಣ್ಣ ಹೊಡ್ದಿರೋ ಶ್ಯಾಕಲ್ ತಗೋಬೇಡಿ. ಪಿನ್ ಪೂರ್ತಿ ಟೈಟ್ ಮಾಡಿ ಕಾಲು ಸುತ್ತು ವಾಪಸ್ ಬಿಡಿ, ಇಲ್ಲಾಂದ್ರೆ ಎಳೆದಾದ್ಮೇಲೆ ಕಚ್ಕೊಂಡು ಬಿಡುತ್ತೆ. ಸಾಧ್ಯ ಆದ್ರೆ ಸಾಫ್ಟ್ ಶ್ಯಾಕಲ್ ತಗೊಳ್ಳಿ, ಹಗ್ಗದಲ್ಲೇ ಹೆಣೆದಿರೋದು, ಹಾರಿದ್ರೂ ಕಬ್ಬಿಣದಷ್ಟು ತೂಕ ಇಲ್ಲ, ಆದ್ರೆ ಚೂಪು ಅಂಚಿರೋ ಕೊಂಡಿಗೆ ಹಾಕಿದ್ರೆ ಕುಯ್ದು ಹೋಗುತ್ತೆ. ಮತ್ತೆ ಎರಡು ಸ್ಟ್ರಾಪ್ ಜೋಡಿಸೋಕೆ ನಡುವೆ ಕಬ್ಬಿಣದ ಶ್ಯಾಕಲ್ ಹಾಕೋದಂತೂ ದಯವಿಟ್ಟು ಬೇಡ, ಒಂದು ಹರಿದ್ರೆ ಅದು ಇನ್ನೊಂದರ ತುದೀಲಿ ಹಾರಿ ಬರುತ್ತೆ.

ಟ್ರ್ಯಾಕ್ಟರ್ ಬಗ್ಗೆ ಬೇರೆಯಾಗೇ ಹೇಳ್ಬೇಕು, ಯಾಕಂದ್ರೆ ಹಳ್ಳೀಲಿ ಬೇಗ ಸಿಗೋದು ಅದೇ. ಹಗ್ಗ ಯಾವಾಗ್ಲೂ ಹಿಂದ್ಗಡೆ ಕೆಳಗಿರೋ ಎಳೆಯೋ ಪಟ್ಟಿ, ಡ್ರಾಬಾರ್ ಅಂತಾರಲ್ಲ, ಅದಕ್ಕೇ ಕಟ್ಬೇಕು. ನೇಗಿಲು ಸಿಕ್ಸೋ ಮೇಲಿನ ರಾಡಿಗೋ (ಟಾಪ್ ಲಿಂಕ್), ಆಕ್ಸಲ್ಗಿಂತ ಮೇಲಿರೋ ಯಾವುದಕ್ಕೋ ಕಟ್ಟಿ ಕ್ಲಚ್ ಬಿಟ್ರೆ ಹೂತಿರೋ ಗಾಡಿ ಅಲ್ಲೇ ಇರುತ್ತೆ, ಟ್ರ್ಯಾಕ್ಟರಿನ ಮುಂದಿನ ಚಕ್ರ ಮೇಲೇಳುತ್ತೆ, ಒಂದೆರಡು ಸೆಕೆಂಡಲ್ಲಿ ಪೂರ್ತಿ ಹಿಂದಕ್ಕೆ ಮಗುಚಿ ಡ್ರೈವರ್ ಮೇಲೇ ಬೀಳುತ್ತೆ. ಕ್ಲಚ್ ತುಳಿಯೋಷ್ಟು ಟೈಮೂ ಸಿಗಲ್ಲ. ನಿಮ್ಮ ಗಾಡಿ ಬಿಡಿಸೋಕೆ ಬಂದ ಅಣ್ಣ ಅವಸರದಲ್ಲಿ ಮೇಲೆ ಕಟ್ತಿದ್ರೆ ಸಂಕೋಚ ಬಿಟ್ಟು ತಡೀರಿ, ಅವ್ರು ಬಂದಿರೋದು ನಿಮ್ಮ ಗಾಡಿಗೋಸ್ಕರ.

ಹಗ್ಗ ಸುತ್ಕೊಂಡು ಎಳೆಯೋ ಮೋಟಾರ್, ವಿಂಚ್, ಗಾಡೀಲಿದ್ರೆ ಅದು ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟಿಂದಾದ್ರೂ ಇರ್ಲಿ. ಡಬ್ಬಿ ಮೇಲೆ ಬರೆದಿರೋ ಬಲ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ, ಮೇಲಿನ ಪದರಗಳಿಗೆ ಹೋದಂಗೆ ಇಳೀತಾ ಹೋಗುತ್ತೆ. ಹಾಗಂತ ಪೂರ್ತಿ ಬಿಚ್ಬೇಡಿ, ಸ್ಟೀಲ್ ವೈರಾದ್ರೆ ಐದು ಸುತ್ತಾದ್ರೂ, ಸಿಂಥೆಟಿಕ್ ಹಗ್ಗ ಆದ್ರೆ ಎಂಟು ಹತ್ತು ಸುತ್ತು ಡ್ರಮ್ಮಲ್ಲಿ ಉಳಿಯಲೇಬೇಕು. ತೋಟದಲ್ಲಿ ಮರಕ್ಕೆ ಕಟ್ಟೋದಾದ್ರೆ ವೈರನ್ನ ನೇರವಾಗಿ ಸುತ್ತಿ ಅದನ್ನೇ ಅದಕ್ಕೆ ಸಿಕ್ಸಬೇಡಿ, ತೊಗಟೆ ಕುಯ್ದು ಮರಾನೂ ಹಾಳು, ವೈರೂ ಹಾಳು. ಅಗಲದ ಪಟ್ಟಿ ಸಿಗುತ್ತೆ, ಅದನ್ನ ಬುಡದ ಹತ್ರ ಸುತ್ತಿ ಎರಡು ತುದಿ ಸೇರಿಸಿ ಶ್ಯಾಕಲ್ ಹಾಕಿ. ನೆರಳಿಗೆ ಹಾಕಿರೋ ತೆಳ್ಳನೆ ಸಿಲ್ವರ್ ಓಕ್ ಬಿಟ್ಟು ದಪ್ಪ ಮತ್ತಿ ಮರನೋ ಹಲಸೋ ನೋಡ್ಕೊಳ್ಳಿ, ಮಾಲೀಕರನ್ನ ಒಂದು ಮಾತು ಕೇಳಿ, ಅವರ ಮೆಣಸಿನ ಬಳ್ಳಿ ಅದರ ಮೇಲೇ ಹಬ್ಬಿರುತ್ತೆ.

ಎಳೆಯೋ ಹೊತ್ತಲ್ಲಿ ಜನ ಎಲ್ಲಿರ್ಬೇಕು ಅಂದ್ರೆ, ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ, ಪಕ್ಕಕ್ಕೆ, ಹಗ್ಗದ ನೇರಕ್ಕೆ ಯಾರೂ ಬೇಡ. ಬಿಗಿಯಾಗಿರೋ ಹಗ್ಗ ದಾಟೋದು ಬೇಡ. ಹಗ್ಗದ ನಡುವೆ ಒದ್ದೆ ಗೋಣಿಚೀಲನೋ ದಪ್ಪ ಕಂಬಳಿನೋ ಹಾಕಿ, ಹರಿದಾಗ ಸ್ವಲ್ಪನಾದ್ರೂ ಕೆಳಗೆ ಬೀಳಿಸುತ್ತೆ. "ಅಣ್ಣ ಸ್ವಲ್ಪ ಆಚೆ ಹೋಗಿ, ಮಕ್ಳನ್ನ ಕರ್ಕೊಳ್ಳಿ" ಅಂತ ಒಬ್ರು ಜೋರಾಗಿ ಹೇಳ್ತಾನೇ ಇರ್ಬೇಕು, ಸಿಗ್ನಲ್ ಕೊಡೋರೂ ಒಬ್ರೇ ಇರ್ಬೇಕು.

ಇಷ್ಟೆಲ್ಲಾ ಬೇಕಾಗೋದೇ ಇಲ್ಲ ಎಷ್ಟೋ ಸಲ. ಟೈರ್ ಗಾಳಿ 18-20 ಪಿಎಸ್ಐಗೆ ಇಳಿಸಿ, ಚಕ್ರದ ಹಿಂದೆ ಮುಂದೆ ಇರೋ ಮಣ್ಣು, ಕೆಳಗೆ ಆಕ್ಸಲ್ ಹೌಸಿಂಗ್ ತಾಗ್ತಿರೋ ದಿಬ್ಬ ಎರಡೂ ತೆಗ್ದು, ಟೈರಿಗೆ ಅಡಿಕೆ ದಬ್ಬೆನೋ ಹಿಡಿತ ಕೊಡೋ ಟ್ರ್ಯಾಕ್ಷನ್ ಬೋರ್ಡೋ ಕೊಟ್ಟು, ಬಂದ ದಾರೀಲೇ ಹಿಂದಕ್ಕೆ ತೆಗೆದ್ರೆ ಬಹಳಷ್ಟು ಗಾಡಿ ಎದ್ದು ಬರುತ್ತೆ. ಚಕ್ರ ತಿರುಗ್ತಿದ್ದಾಗ ಬೋರ್ಡಿನ ಹಿಂದೆ ಮುಂದೆ ಯಾರೂ ನಿಲ್ಬೇಡಿ, ಅದೂ ಹಾರುತ್ತೆ. ಟಾರ್ ರಸ್ತೆಗೆ ಬಂದ್ಮೇಲೆ ಗಾಳಿ ತುಂಬಿಸ್ಕೊಳ್ಳಿ, ಅದಕ್ಕೊಂದು ಸಣ್ಣ ಕಂಪ್ರೆಸರ್ ಗಾಡೀಲಿರ್ಲಿ.

ಮನೆಗೆ ಬಂದ್ಮೇಲೆ ಸ್ಟ್ರಾಪನ್ನ ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಎಳೆಗಳ ಒಳಗೆ ಕೂತಿರೋ ಮರಳು ಒಳಗಿಂದೊಳಗೇ ಕುಯ್ಯುತ್ತೆ. ಹೊಲಿಗೆ ಬಿಟ್ಟಿದ್ರೆ, ಅಂಚಲ್ಲಿ ಕುಯ್ದಿದ್ರೆ, ಬಿಸಿಲಿಗೆ ಬಿದ್ದು ಬಿರುಸಾಗಿದ್ರೆ ಎಳೆಯೋ ಕೆಲಸಕ್ಕೆ ಮತ್ತೆ ತಗೋಬೇಡಿ, ಎರಡು ತುಂಡು ಮಾಡಿ ಸೌದೆ ಕಟ್ಟೋಕೆ ಇಟ್ಕೊಳ್ಳಿ, ಪೂರ್ತಿ ಉದ್ದ ಇದ್ರೆ ಮಳೆಗಾಲದಲ್ಲಿ ಯಾರಾದ್ರೂ ಎತ್ಕೊಂಡು ಹೋಗಿ ಗಾಡಿಗೆ ಕಟ್ಟೇ ಕಟ್ತಾರೆ.