ಮೂವತ್ತಾರು ಬುಟ್ಟಿಗಳ ನಡುವೆ ಒಂದು

ಮನೆಯಲ್ಲೇ ಉಡುಗೊರೆ ಬುಟ್ಟಿಗಳನ್ನು ಕಟ್ಟಿ ಮಾರುವವರಿಗೆ ಎರಡು ಬಗೆಯ ಆರ್ಡರ್‌ಗಳು ಬರುತ್ತವೆ. ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ಹಂಚಲೆಂದು ಒಂದೇ ಅಚ್ಚಿನಲ್ಲಿ ತೆಗೆದಂತೆ ಕೇಳುವ ಸಗಟು ಬುಟ್ಟಿಗಳು ಒಂದು ಬಗೆ. ಯಾರೋ ಒಬ್ಬರು ಇನ್ಯಾರೋ ಒಬ್ಬರಿಗಾಗಿ ಕೇಳುವ ಒಂಟಿ ಬುಟ್ಟಿ ಇನ್ನೊಂದು. ನಮ್ಮ ಕೈಗೆ ನಾಲ್ಕು ಕಾಸು ಉಳಿಸುವುದು ಮೊದಲನೆಯದು. ಎರಡನೆಯದನ್ನು ಇನ್ನು ಮುಂದೆ ಒಪ್ಪಿಕೊಳ್ಳಬಾರದೆಂದು ಪ್ರತಿ ಸಲ ಅಂದುಕೊಂಡು, ಪ್ರತಿ ಸಲವೂ ಒಪ್ಪಿಕೊಳ್ಳುತ್ತೇನೆ. ಇವೆರಡೂ ಒಂದೇ ದಿನ, ಒಂದೇ ಕೋಣೆಯಲ್ಲಿ ಎದುರುಬದುರಾದ ಪ್ರಸಂಗ ಇದು.

ಅಂದು ಸಂಜೆಯೊಳಗೆ ಒಂದು ಕಚೇರಿಗೆ ಮೂವತ್ತಾರು ಬುಟ್ಟಿಗಳು ಹೋಗಬೇಕಿತ್ತು. ಸಗಟು ಕೆಲಸದಲ್ಲಿ ಒಂದು ಬುಟ್ಟಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕುವ ಪದ್ಧತಿ ನಡೆಯುವುದಿಲ್ಲ. ಮೊದಲು ಎಲ್ಲ ಬುಟ್ಟಿಗಳಿಗೂ ತಳ ತುಂಬಬೇಕು, ಬಳಿಕ ಎಲ್ಲಕ್ಕೂ ಹಿಂದಿನ ಸಾಲಿನ ಎತ್ತರದ ಸಾಮಾನು, ಆಮೇಲೆ ಮುಂದಿನ ಸಾಲು, ಕೊನೆಗೆ ಹೊದಿಕೆ ಮತ್ತು ರಿಬ್ಬನ್. ಮಾದರಿ ಬುಟ್ಟಿಯನ್ನು ಜೋಡಿಸಲು ಅರ್ಧ ಗಂಟೆ ಹಿಡಿದರೂ, ಸಾಲಾಗಿ ಮಾಡುವಾಗ ಒಂದೊಂದಕ್ಕೆ ಎಂಟು ನಿಮಿಷ ಸಾಕಾಗುತ್ತದೆ. ಏಕೆಂದರೆ ಯೋಚಿಸುವ ಕೆಲಸವೆಲ್ಲ ಮಾದರಿಯಲ್ಲೇ ಮುಗಿದುಹೋಗಿರುತ್ತದೆ. ನನ್ನ ನಾದಿನಿ ತಳ ತುಂಬುವುದರಲ್ಲಿ ನನಗಿಂತ ಚುರುಕು. ಬುಟ್ಟಿಯ ಆಳವನ್ನು ಹಾಗೆಯೇ ಬಿಟ್ಟರೆ ಇಟ್ಟದ್ದೆಲ್ಲ ಒಳಗೆ ಇಳಿದು, ಹೊರಗಿನಿಂದ ನೋಡುವವರಿಗೆ ಅರ್ಧ ಖಾಲಿ ಬುಟ್ಟಿಯಂತೆ ಕಾಣುತ್ತದೆ. ಆದ್ದರಿಂದ ಹಳೆಯ ಕಾಗದವನ್ನು ಗಟ್ಟಿಯಾಗಿ ಉಂಡೆ ಮಾಡಿ ತುರುಕಿ, ಅದರ ಮೇಲೆ ಬುಟ್ಟಿಯ ಒಳ ಅಳತೆಗೆ ಕತ್ತರಿಸಿದ ರಟ್ಟನ್ನು ಕೂರಿಸಿ, ಅದರ ಮೇಲಷ್ಟೇ ಬಣ್ಣದ ಚೂರುಕಾಗದವನ್ನು ಹರಡುತ್ತೇವೆ. ರಟ್ಟು ಇಲ್ಲದಿದ್ದರೆ ಭಾರದ ಜಾಡಿಗಳು ಸಾಗಣೆಯಲ್ಲಿ ಒಂದು ಕಡೆಗೆ ವಾಲಿ, ಪಕ್ಕದ ಪೊಟ್ಟಣಗಳನ್ನು ಜಜ್ಜಿಬಿಡುತ್ತವೆ.

ಬೆಳಿಗ್ಗೆ ಕೆಲಸ ಹದಕ್ಕೆ ಬಂದ ಹೊತ್ತಿಗೆ ಒಬ್ಬ ಮಹಿಳೆ ಫೋನ್ ಮಾಡಿ, ಸ್ವಲ್ಪ ಹೊತ್ತಿನಲ್ಲೇ ಮನೆಗೆ ಬಂದರು. ಅವರ ಸಹೋದ್ಯೋಗಿಯೊಬ್ಬರು ದೀರ್ಘ ಚಿಕಿತ್ಸೆ ಮುಗಿಸಿ ಆಸ್ಪತ್ರೆಯಿಂದ ಮನೆಗೆ ಮರಳಿದ್ದರು. ವಿಭಾಗದವರೆಲ್ಲ ಸೇರಿ ಹಣ ಹಾಕಿ, ಅಂದೇ ಸಂಜೆ ನೋಡಲು ಹೋಗುವವರಿದ್ದರು. ಸಾಲಿನಲ್ಲಿ ಸಿದ್ಧವಾಗಿದ್ದ ಮಾದರಿ ಬುಟ್ಟಿಯ ಕಡೆಗೆ ಬೆರಳು ತೋರಿಸಿ, "ಇದನ್ನೇ ಕೊಟ್ಟುಬಿಡಿ ಮೇಡಂ, ಚೆನ್ನಾಗಿದೆ" ಎಂದರು. ಅದರಲ್ಲಿ ಪರಿಮಳದ ಮೇಣದಬತ್ತಿ, ಸಾಬೂನು, ಚಾಕೊಲೇಟು, ಗಾಜಿನ ಜಾಡಿಯಲ್ಲಿ ಒಣಹಣ್ಣು ಇದ್ದವು. ಕೊಟ್ಟು ಕಳುಹಿಸಿದ್ದರೆ ಐದು ನಿಮಿಷದ ವ್ಯಾಪಾರ. ಆದರೆ ಕಾಯಿಲೆಯ ಮಾತು ಬಂದಾಗ ಕೇಳದೆ ಇರಲಾಗುವುದಿಲ್ಲ. ಅವರಿಗೆ ವಾಸನೆ ಸಹಿಸಲು ಆಗುತ್ತದೆಯೇ, ಊಟದಲ್ಲಿ ಪಥ್ಯವೇನಾದರೂ ಇದೆಯೇ, ಎದ್ದು ಓಡಾಡುತ್ತಾರೆಯೇ ಎಂದು ವಿಚಾರಿಸಿದೆ. ಆ ಮಹಿಳೆ ಅಲ್ಲಿಂದಲೇ ಮನೆಯವರಿಗೆ ಫೋನ್ ಮಾಡಿ ತಿಳಿದುಕೊಂಡರು. ಯಾವ ಪರಿಮಳವೂ ಆಗದು, ವಾಕರಿಕೆ ಬರುತ್ತದೆ; ತಿನ್ನುವುದಕ್ಕೆಲ್ಲ ವೈದ್ಯರ ಪಟ್ಟಿ ಇದೆ; ದಿನದ ಬಹುಪಾಲು ಹಾಸಿಗೆಯಲ್ಲೇ, ಬಲಗೈಯಲ್ಲಿ ಶಕ್ತಿ ಇನ್ನೂ ಬಂದಿಲ್ಲ. ಅಲ್ಲಿಗೆ ಮಾದರಿ ಬುಟ್ಟಿಯ ಒಂದು ಸಾಮಾನೂ ಉಳಿಯಲಿಲ್ಲ.

"ಅತ್ತಿಗೆ, ಇವತ್ತು ಬೇಡ, ಆಗಲ್ಲ ಅಂದುಬಿಡಿ" ಎಂದು ನಾದಿನಿ ಒಳಗಿನಿಂದ ಕಣ್ಣಲ್ಲೇ ಹೇಳಿದಳು. ಅವಳ ಲೆಕ್ಕ ತಪ್ಪಾಗಿರಲಿಲ್ಲ. ನಾನು ಸಂಜೆ ಐದಕ್ಕೆ ಬನ್ನಿ ಎಂದು ಹೇಳಿ ಕಳುಹಿಸಿದೆ.

ಬುಟ್ಟಿಯಿಂದಲೇ ಯೋಚನೆ ಶುರುವಾಯಿತು. ಎತ್ತರದ ಹಿಡಿಕೆಯ ಆಳವಾದ ಬುಟ್ಟಿ ಮೇಜಿನ ಮೇಲೆ ಅಂದವಾಗಿ ಕಾಣುತ್ತದೆ, ಮಲಗಿರುವವರಿಗೆ ಅದರೊಳಗಿನದು ಕಾಣುವುದಿಲ್ಲ, ಕೈಗೂ ಎಟಕುವುದಿಲ್ಲ. ಹಾಗಾಗಿ ತಟ್ಟೆಯಂತೆ ಅಗಲವಾದ, ಅಂಚು ನಾಲ್ಕು ಬೆರಳು ಎತ್ತರವಿರುವ ಬೆತ್ತದ ಬುಟ್ಟಿಯನ್ನು ಆರಿಸಿದೆ. ಉಡುಗೊರೆ ಮುಗಿದ ಮೇಲೆ ಕನ್ನಡಕ, ಮಾತ್ರೆ, ಮೊಬೈಲು ಇಟ್ಟುಕೊಳ್ಳಲು ಹಾಸಿಗೆಯ ಪಕ್ಕದಲ್ಲಿ ಅದೇ ಉಳಿಯಬಹುದು. ಅದರಲ್ಲಿ ಪರಿಮಳವಿಲ್ಲದ ಕೈ ಮುಲಾಮು, ತುಟಿಗೆ ಹಚ್ಚುವ ಮುಲಾಮು, ಮುಚ್ಚಳವೂ ಹೀರುಗೊಳವೆಯೂ ಇರುವ ಹಗುರವಾದ ಲೋಟ, ದಪ್ಪ ಹಿಡಿಯ ಪೆನ್ನು, ದೊಡ್ಡ ಅಕ್ಷರದ ಪದಬಂಧದ ಪುಸ್ತಕ, ತಾನಾಗಿ ಮಡಚಿಕೊಳ್ಳದೆ ಬಿಚ್ಚಿದಂತೆಯೇ ನಿಲ್ಲುವ ಸುರುಳಿ ಕಟ್ಟಿನ ನೋಟ್‌ಬುಕ್ಕು. ಇವುಗಳಲ್ಲಿ ಅರ್ಧ ಮಾತ್ರ ಮನೆಯಲ್ಲಿತ್ತು, ಉಳಿದದ್ದಕ್ಕೆ ನಾನೇ ಹೊರಗೆ ಹೋಗಬೇಕಾಯಿತು. ಪೊಟ್ಟಣದ ಮೇಲೆ "ಮೃದು ಪರಿಮಳ" ಎಂದು ಬರೆದದ್ದನ್ನೆಲ್ಲ ವಾಪಸು ಇಟ್ಟೆ. ಪರಿಮಳವಿಲ್ಲದ ವಸ್ತುವನ್ನು ಹುಡುಕುವುದು ಎಷ್ಟು ಕಷ್ಟವೆಂಬುದು ಹುಡುಕಿದವರಿಗಷ್ಟೇ ಗೊತ್ತು.

ಮನೆಗೆ ಬಂದರೆ ಇನ್ನೊಂದು ತೊಡಕು. ಸಾಬೂನು, ಮೇಣದಬತ್ತಿಗಳ ಮೂವತ್ತಾರು ಜೊತೆ ಬಿಚ್ಚಿಟ್ಟ ಕೋಣೆಯಲ್ಲಿ ಈ ಬುಟ್ಟಿಯನ್ನು ಕಟ್ಟುವಂತಿರಲಿಲ್ಲ. ಕಾಗದ, ಬಟ್ಟೆ, ಬೆತ್ತ ಮೂರೂ ವಾಸನೆಯನ್ನು ಹೀರಿಕೊಳ್ಳುತ್ತವೆ. ಚಹಾಪುಡಿಯ ಪೊಟ್ಟಣದ ಪಕ್ಕದಲ್ಲಿ ಸಾಬೂನಿಟ್ಟರೆ ಕೆಲವು ದಿನಗಳಲ್ಲೇ ಚಹಾ ಸಾಬೂನಿನಂತಾಗುತ್ತದೆ, ಅದಕ್ಕೆಂದೇ ನಾವು ಅವೆರಡನ್ನೂ ಒಂದೇ ಬುಟ್ಟಿಯಲ್ಲಿ ಎಂದೂ ಇಡುವುದಿಲ್ಲ. ಹಾಗಾಗಿ ಆ ಒಂದು ಬುಟ್ಟಿಗಾಗಿ ಮಲಗುವ ಕೋಣೆಯ ಕಿಟಕಿಗಳನ್ನು ತೆರೆದು, ಮಂಚದ ಮೇಲೆಯೇ ಕೆಲಸ ಹರವಿಕೊಂಡೆ.

ಹೊರಗೆ ಅಷ್ಟು ಹೊತ್ತಿಗೆ ನಾದಿನಿ ಹೊದಿಕೆಯ ಹಂತಕ್ಕೆ ಬಂದಿದ್ದಳು. ಸಗಟು ಬುಟ್ಟಿಗಳಿಗೆ ನಾವು ಬಳಸುವುದು ಬಿಸಿಗಾಳಿಗೆ ಕುಗ್ಗಿ ಬಿಗಿಯಾಗುವ ಹಾಳೆ. ಹೀಟ್ ಗನ್ನನ್ನು ಒಂದು ಗೇಣು ದೂರದಲ್ಲಿ ಹಿಡಿದು, ಎಲ್ಲಿಯೂ ನಿಲ್ಲಿಸದೆ ಆಡಿಸುತ್ತಿರಬೇಕು. ಒಂದೇ ಕಡೆ ನಿಂತರೆ ಹಾಳೆ ತೂತಾಗುತ್ತದೆ, ಅದರ ಹಿಂದೆಯೇ ಚಾಕೊಲೇಟು ಇದ್ದರೆ ಅದೂ ಕೆಟ್ಟಂತೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಮತ್ತೆ ಗಟ್ಟಿಯಾದಾಗ ಮೇಲೆ ಬಿಳಿ ಬೂಷ್ಟಿನಂಥ ಪೊರೆ ಮೂಡುತ್ತದೆ. ತಿಂದರೆ ಅಪಾಯವಿಲ್ಲ, ಆದರೆ ಉಡುಗೊರೆ ತೆರೆದವರು ಅದನ್ನು ಹಳಸಲೆಂದೇ ಭಾವಿಸುತ್ತಾರೆ. ಕುಗ್ಗದ ಹಾಳೆಗಳಲ್ಲೂ ವ್ಯತ್ಯಾಸವಿದೆ. ಸ್ವಿಸ್ ರಸಾಯನ ವಿಜ್ಞಾನಿ ಜಾಕ್ ಬ್ರಾಂಡೆನ್‌ಬರ್ಗರ್ 1908ರಲ್ಲಿ ರೂಪಿಸಿದ ಸೆಲ್ಲೋಫೇನ್ ಸಸ್ಯಗಳ ಸೆಲ್ಯುಲೋಸ್‌ನಿಂದ ಆದದ್ದು, ಲೇಪನವಿಲ್ಲದಿದ್ದರೆ ತೇವ ಅದರ ಮೂಲಕ ಹಾದುಹೋಗುತ್ತದೆ. ಇಂದು ಅದರ ಜಾಗದಲ್ಲಿ ಹೆಚ್ಚಾಗಿ ಸಿಗುವ ಪಾಲಿಪ್ರೊಪಿಲೀನ್ ಹಾಳೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಸರಿಯಾಗಿ ಒಣಗದ ಬಿದಿರಿನ ಬುಟ್ಟಿಯನ್ನು ಇದರಲ್ಲಿ ಸುತ್ತಿದರೆ ಗೋದಾಮಿನಲ್ಲಿ ಇದ್ದಲ್ಲಿಯೇ ಬೂಷ್ಟು ಹಿಡಿಯುತ್ತದೆ.

ನನ್ನ ಬುಟ್ಟಿಗೆ ಈ ಯಾವ ಹಾಳೆಯೂ ಹೊಂದುವಂತಿರಲಿಲ್ಲ. ಬಿಗಿದ ಪ್ಲಾಸ್ಟಿಕ್ ಹೊದಿಕೆಯನ್ನು ಹರಿಯಲು ಎರಡೂ ಕೈ ಬೇಕು, ಹಲವು ಸಲ ಕತ್ತರಿಯೂ ಬೇಕು. ಕೊನೆಗೆ ಒಂದು ಮೆತ್ತನೆಯ ಹತ್ತಿಯ ಶಾಲನ್ನೇ ಹೊದಿಕೆಯಾಗಿಸಿದೆ. ಬಿಚ್ಚಿದ ಮೇಲೆ ಅದೂ ಉಡುಗೊರೆಯೇ. ನಾಲ್ಕು ಚುಂಗನ್ನು ಮೇಲಕ್ಕೆತ್ತಿ ಒಟ್ಟುಗೂಡಿಸಿ, ಅದರ ಕುತ್ತಿಗೆಗೆ ಅಗಲವಾದ ರಿಬ್ಬನ್ನನ್ನು ಒಂದೇ ಸುತ್ತು ಸುತ್ತಿ, ಜಾರುಗಂಟು ಹಾಕಿದೆ. ಗಂಟಿನ ಒಂದು ತುದಿಯನ್ನು ಉದ್ದವಾಗಿ ಬಿಟ್ಟು, ಅದಕ್ಕೆ ಬೆರಳು ತೂರುವಷ್ಟು ದೊಡ್ಡ ಮರದ ಬಳೆಯೊಂದನ್ನು ಕಟ್ಟಿ, ಮಲಗಿರುವವರ ಎಡಗೈಗೆ ಸಿಗುವ ಕಡೆಗೆ ಇಳಿಬಿಟ್ಟೆ. ಆಮೇಲೆ ಮಂಚದ ಮೇಲೆ ಒರಗಿಕೊಂಡು, ಎಡಗೈಯ ಒಂದು ಬೆರಳಿನಿಂದ ಎಳೆದು ನೋಡಿದೆ. ಮೊದಮೊದಲು ಸ್ಯಾಟಿನ್ ರಿಬ್ಬನ್ ತಾನಾಗಿಯೇ ಜಾರಿ ಬಿಚ್ಚಿಕೊಳ್ಳುತ್ತಿತ್ತು. ಒರಟು ನೇಯ್ಗೆಯದಕ್ಕೆ ಬದಲಾಯಿಸಿದಾಗ ಎತ್ತಿ ಅಲುಗಾಡಿಸಿದರೂ ನಿಂತು, ಎಳೆದಾಗ ಮಾತ್ರ ಬಿಚ್ಚಿತು, ಶಾಲು ನಾಲ್ಕೂ ಕಡೆಗೆ ಹರಡಿಕೊಂಡಿತು. ಈ ಒಂದು ಗಂಟಿಗೆ ಹಿಡಿದ ಸಮಯದಲ್ಲಿ ನಾದಿನಿ ಹೊರಗೆ ಒಂದು ಸಾಲು ಬುಟ್ಟಿಗಳನ್ನು ಮುಗಿಸಿದ್ದಳು, ಮತ್ತು ಅದನ್ನು ನನಗೆ ಕೇಳುವಂತೆ ಎಣಿಸುತ್ತಲೂ ಇದ್ದಳು.

ಸಗಟು ಬುಟ್ಟಿಗಳನ್ನು ಒಯ್ಯುವ ವಾಹನ ಬಂದಾಗ ಇಬ್ಬರೂ ಸೇರಿ ತುಂಬಿದೆವು. ಕೊರಿಯರ್‌ನಲ್ಲಿ ಕಳುಹಿಸುವ ಮಾತೇ ಇರಲಿಲ್ಲ. ಇಂಥ ಹಗುರ ಸಾಮಾನಿಗೆ ಅಲ್ಲಿ ಗಾತ್ರವನ್ನು ನೋಡಿ ಹಣ ಕಟ್ಟಿಸಿಕೊಳ್ಳುತ್ತಾರೆ. ಉದ್ದ, ಅಗಲ, ಎತ್ತರಗಳ ಸೆಂಟಿಮೀಟರ್ ಗುಣಲಬ್ಧವನ್ನು ಸಾಮಾನ್ಯವಾಗಿ 5000ದಿಂದ ಭಾಗಿಸಿದಾಗ ಬರುವುದೇ ಕಿಲೋ ಲೆಕ್ಕ. 40, 30, 40ರ ಪೆಟ್ಟಿಗೆಯಲ್ಲಿ ಎರಡು ಕಿಲೋ ಬುಟ್ಟಿಯಿದ್ದರೂ ಬಿಲ್ಲಿನಲ್ಲಿ 9.6 ಕಿಲೋ ಆಗುತ್ತದೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರ ಲಾಭ ಸೋರಿಹೋಗುವ ಜಾಗಗಳಲ್ಲಿ ಇದೂ ಒಂದು.

ಐದಕ್ಕೆ ಸರಿಯಾಗಿ ಆ ಮಹಿಳೆ ಬಂದರು. ಮರದ ಬಳೆಯನ್ನು ಎಳೆದು ತೋರಿಸಿದಾಗ ಏನೂ ಹೇಳದೆ, ತಾವೂ ಒಮ್ಮೆ ಕಟ್ಟಿಸಿಕೊಂಡು ಎಡಗೈಯಲ್ಲಿ ಎಳೆದು ನೋಡಿದರು. ಬಿಲ್ ಬರೆದುಕೊಟ್ಟೆ. ಸಾಮಾನುಗಳ ಬೆಲೆ, ಬುಟ್ಟಿ ಮತ್ತು ಕಟ್ಟುವ ಸಾಮಗ್ರಿಯ ಬೆಲೆ, ಅದರ ಕೆಳಗೆ "ಆಯ್ಕೆ ಮತ್ತು ಜೋಡಣೆ" ಎಂದು ಎರಡು ಗಂಟೆಯ ಕೂಲಿ. ಅವರು ಆ ಸಾಲಿನ ಮೇಲೆ ಬೆರಳಿಟ್ಟು, "ಇದೇನು ಮೇಡಂ?" ಎಂದರು. ವಿವರಿಸಿದೆ. ಅವರು ತಕರಾರು ತೆಗೆಯಲಿಲ್ಲ, ಆದರೆ ಸ್ವಲ್ಪ ಸಂಕೋಚದಿಂದ, "ಮೊತ್ತ ಇಷ್ಟೇ ಇರಲಿ, ಆ ಸಾಲು ಮಾತ್ರ ಬೇಡ. ಸಾಮಾನಿನ ಬೆಲೆಯಲ್ಲೇ ಸೇರಿಸಿ ಬರೆದುಕೊಡಿ, ಆಫೀಸಿನಲ್ಲಿ ಎಲ್ಲರಿಗೂ ಲೆಕ್ಕ ತೋರಿಸಬೇಕು" ಎಂದು ಕೇಳಿದರು.

ಅವರ ಕಷ್ಟ ನನಗೆ ಅರ್ಥವಾಗದೆ ಇರಲಿಲ್ಲ. ಲೋಟ ದುಬಾರಿಯಾಯಿತೆಂದರೆ ಯಾರೂ ಪ್ರಶ್ನಿಸುವುದಿಲ್ಲ, ಲೋಟವನ್ನು ಆರಿಸಿದ್ದಕ್ಕೆ ಹಣವೆಂದರೆ ಪ್ರಶ್ನೆ ಏಳುತ್ತದೆ. ಆದರೂ ಹಾಗೆ ಬರೆದುಕೊಡಲು ಮನಸ್ಸು ಒಪ್ಪಲಿಲ್ಲ. ಪೆನ್ನಿಗೋ ಮುಲಾಮಿಗೋ ಇಲ್ಲದ ಬೆಲೆಯನ್ನು ಹಾಕಿದರೆ ನಾಳೆ ಅಂಗಡಿಯಲ್ಲಿ ನೋಡಿದವರು ನನ್ನನ್ನು ಮೋಸಗಾತಿ ಎಂದಾರು, ಅದನ್ನೇ ಅವರಿಗೂ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, ಬಿಲ್ಲನ್ನು ಹಾಗೆಯೇ ಮಡಚಿಟ್ಟುಕೊಂಡು ಹಣ ಕೊಟ್ಟು ಹೋದರು.

ಅಂದಿನಿಂದ ಒಂಟಿ ಬುಟ್ಟಿಗಳ ಬಿಲ್ಲಿನಲ್ಲಿ ಆ ಸಾಲು ತಪ್ಪದೆ ಇರುತ್ತದೆ, ಆರ್ಡರ್ ತೆಗೆದುಕೊಳ್ಳುವಾಗಲೇ ಬಾಯಿಬಿಟ್ಟು ಹೇಳಿಯೂ ಬಿಡುತ್ತೇನೆ. ಕೇಳಿ ಹಿಂದೆ ಸರಿದವರಿದ್ದಾರೆ. ಸಗಟು ಬಿಲ್ಲಿನಲ್ಲಿ ಅದನ್ನು ಬರೆಯುವುದಿಲ್ಲ, ಅಲ್ಲಿ ಒಂದು ಮಾದರಿಯ ಯೋಚನೆ ಎಲ್ಲ ಬುಟ್ಟಿಗಳಿಗೂ ಹಂಚಿಹೋಗಿ ಲೆಕ್ಕಕ್ಕೇ ಸಿಗದಷ್ಟು ಸಣ್ಣದಾಗುತ್ತದೆ. ನಾದಿನಿಯ ಆಕ್ಷೇಪ ಮಾತ್ರ ಇನ್ನೂ ತೀರಿಲ್ಲ. ಅಂದು ನಾನು ಹೊರಗೆ ಅಲೆದಾಡಿದ ಹೊತ್ತನ್ನೆಲ್ಲ ಬಿಟ್ಟು ಎರಡೇ ಗಂಟೆಯ ಕೂಲಿ ಹಾಕಿದ್ದು ಯಾವ ಲೆಕ್ಕ ಎಂದು ಅವಳು ಈಗಲೂ ಕೇಳುತ್ತಾಳೆ.