ಮುಖವಿಲ್ಲದ ಗಡಿಯಾರ ಸಾಲ್ಸ್‌ಬರಿಯಲ್ಲಿ, ಮುಖ ವೆಲ್ಸ್‌ನಲ್ಲಿ

ಮೊದಲ ಸಲ ಇಂಗ್ಲೆಂಡಿನ ಸಾಲ್ಸ್‌ಬರಿಗೆ ಹೋದಾಗ ಟೂರ್ ಬಸ್ಸಿನವರು ಅಲ್ಲಿನ ದೊಡ್ಡ ಚರ್ಚು, ಅಂದರೆ ಕ್ಯಾಥೀಡ್ರಲ್ ನೋಡಲು ಕೊಟ್ಟಿದ್ದು 40 ನಿಮಿಷ. ಹತ್ತಿರದ ಪ್ರಾಚೀನ ಕಲ್ಲುಗಳ ವೃತ್ತ ಸ್ಟೋನ್‌ಹೆಂಜ್‌ಗೇ ಅರ್ಧ ದಿನ ಕಳೆದಿತ್ತು. ಅಲ್ಲಿಟ್ಟಿರುವ ಹಳೆಯ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾ ನೋಡಿ, ಗೋಪುರದ ಫೋಟೊ ತೆಗೆದು ಬಸ್ಸಿಗೆ ಓಡಿದೆವು. ನಾನು ನೋಡಬೇಕೆಂದೇ ಹೋಗಿದ್ದ ಗಡಿಯಾರದ ಪಕ್ಕದಲ್ಲೇ ಹಾದು ಹೋಗಿದ್ದೆ, ಗೊತ್ತೇ ಆಗಲಿಲ್ಲ. ನಾನು ಹುಡುಕಿದ್ದು ಮುಳ್ಳು, ಅಂಕಿ ಇರುವ ಗಡಿಯಾರ. ಇದಕ್ಕೆ ಎರಡೂ ಇಲ್ಲ.

ಹಾಗಾಗಿ ಈ ಸಲ ಟೂರ್ ಬೇಡ ಅಂತ ನಾವೇ ರೈಲು ಹಿಡಿದೆವು. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ನೇರ ರೈಲಿದೆ, ಸುಮಾರು ಒಂದೂವರೆ ಗಂಟೆಯ ದಾರಿ. ಸಾಲ್ಸ್‌ಬರಿಯಲ್ಲಿ ಇಳಿದರೆ ಕ್ಯಾಥೀಡ್ರಲ್‌ಗೆ ನಡೆದೇ ಹೋಗಬಹುದು. 123 ಮೀಟರ್ ಎತ್ತರದ ಶಿಖರವೇ ದಾರಿ ತೋರಿಸುತ್ತದೆ.

ಒಳಗೆ ಹೋದ ಮೇಲೆ ಉದ್ದನೆಯ ಹಜಾರದ ಉತ್ತರ ಬದಿಯ ಸಾಲಿಗೆ ಬನ್ನಿ. ನೆಲದ ಮೇಲೆ ಮಂಚದಷ್ಟು ದೊಡ್ಡ ಕಬ್ಬಿಣದ ಚೌಕಟ್ಟು, ಅದರೊಳಗೆ ಹಲ್ಲಿನ ಚಕ್ರಗಳು. ಅದೇ ಗಡಿಯಾರ. 1386ರ ದಾಖಲೆಯೊಂದರಲ್ಲಿ ಗಡಿಯಾರ ನೋಡಿಕೊಳ್ಳುವವನಿಗೆ ಮನೆ ಕೊಡುವ ಮಾತಿದೆ. ಅದರ ಮೇಲೆಯೇ ಇದರ ವಯಸ್ಸು ಹೇಳುತ್ತಾರೆ. ಇಷ್ಟು ಹಳೆಯದಲ್ಲ ಎನ್ನುವ ತಜ್ಞರೂ ಇದ್ದಾರೆ. ನನಗಂತೂ ಹತ್ತಿರ ಬಗ್ಗಿ ನೋಡಿದಾಗ ಆ ವಾದ ಮರೆತೇ ಹೋಯಿತು. ಚೌಕಟ್ಟಿನಲ್ಲಿ ಒಂದೂ ಸ್ಕ್ರೂ ಇಲ್ಲ. ಮರದ ಕೆಲಸದಲ್ಲಿ ಮಾಡುವಂತೆ ತೂತಿಗೆ ಕಂಬಿ ತೂರಿಸಿ, ಬೆಣೆ ಹೊಡೆದು ಬಿಗಿ ಮಾಡಿದ್ದಾರೆ. ಕಮ್ಮಾರನ ಕೆಲಸ ಅಂತ ನೋಡಿದ ಕೂಡಲೇ ತಿಳಿಯುತ್ತದೆ.

ಇಲ್ಲಿ ಕನಿಷ್ಠ ಅರ್ಧ ಗಂಟೆ ನಿಲ್ಲಿ. ಸುಮ್ನೆ ನೋಡಿದರೆ ಅರ್ಥವಾಗುವುದಿಲ್ಲ, ಒಂದೊಂದೇ ಭಾಗ ಹಿಡಿದು ನೋಡಬೇಕು. ಮೊದಲು ಹಗ್ಗ ನೋಡಿ. ಮರದ ಉರುಳೆಗೆ ಸುತ್ತಿದ ಹಗ್ಗದ ತುದಿಯಲ್ಲಿ ಭಾರದ ಕಲ್ಲು ತೂಗುತ್ತದೆ. ಕಲ್ಲು ಕೆಳಗೆ ಎಳೆಯುತ್ತದೆ, ಉರುಳೆ ತಿರುಗುತ್ತದೆ. ಅಷ್ಟೇ ಆದರೆ ಕಲ್ಲು ಧಡ್ ಅಂತ ನೆಲಕ್ಕೆ ಬೀಳುತ್ತದೆ, ಅಲ್ವಾ? ಅದನ್ನು ತಡೆಯುವುದು ಮೇಲೆ ಅಡ್ಡಲಾಗಿ ಆಡುವ ಕಂಬಿ. ಅದು ಆ ಕಡೆ ತಿರುಗಿದಾಗ ಚಕ್ರದ ಒಂದು ಹಲ್ಲನ್ನು ತಡೆಯುತ್ತದೆ, ಈ ಕಡೆ ತಿರುಗಿದಾಗ ಬಿಡುತ್ತದೆ. ಹಿಡಿ, ಬಿಡು, ಹಿಡಿ, ಬಿಡು. ಒಂದೊಂದು ಹಲ್ಲಿಗೂ ಟಕ್ ಅಂತ ದಪ್ಪ ಸದ್ದು. ಬೀಳುವ ಕಲ್ಲನ್ನು ಹೀಗೆ ಸಮ ತುಂಡುಗಳಾಗಿ ಕತ್ತರಿಸಿ ಕಾಲ ಅಳೆಯಬಹುದು ಅಂತ ಯಾರಿಗೋ ಹೊಳೆಯಿತಲ್ಲ, ಮಧ್ಯಯುಗದ ಯುರೋಪಿನಲ್ಲಿ ಇದಕ್ಕಿಂತ ದೊಡ್ಡ ಯೋಚನೆ ನನಗೆ ಕಾಣಿಸುವುದಿಲ್ಲ.

ಒಂದು ಮಾತು ತಿಳಿದಿರಲಿ. ಲೋಲಕದ ಗಡಿಯಾರ ಬಂದಿದ್ದು 1656ರಲ್ಲಿ, ಡಚ್ ವಿಜ್ಞಾನಿ ಹೈಗೆನ್ಸ್ ಕೈಯಲ್ಲಿ. ಆಮೇಲೆ ಈ ಗಡಿಯಾರಕ್ಕೂ ಲೋಲಕ ಹಾಕಿದ್ದರು. 1956ರಲ್ಲಿ ದುರಸ್ತಿ ಮಾಡುವಾಗ ಅದನ್ನು ತೆಗೆದು, ಅಡ್ಡಕಂಬಿಯನ್ನು ಹಳೆಯ ರೀತಿಯಲ್ಲಿ ಹೊಸದಾಗಿ ಮಾಡಿ ಕೂರಿಸಿದರು.

ಇನ್ನರ್ಧ ಯಂತ್ರ ಇರುವುದು ಗಂಟೆ ಬಾರಿಸಲು. ಅಂಚಿನಲ್ಲಿ ಕಚ್ಚುಗಳಿರುವ ಚಕ್ರವೊಂದನ್ನು ಹುಡುಕಿ. ಕಚ್ಚುಗಳ ನಡುವಿನ ಅಂತರ ಹೆಚ್ಚುತ್ತಾ ಹೋಗುತ್ತದೆ. ಕೊಕ್ಕೆ ಮುಂದಿನ ಕಚ್ಚಿಗೆ ಬೀಳುವ ತನಕ ಸುತ್ತಿಗೆ ಬಡಿಯುತ್ತಲೇ ಇರಬೇಕು. ಒಂದು, ಎರಡು, ಮೂರು ಅಂತ ಹನ್ನೆರಡರ ತನಕ, ಚಕ್ರ ಒಂದು ಸುತ್ತು ಬಂದರೆ 78 ಏಟು. ಕಬ್ಬಿಣದಲ್ಲಿ ಬರೆದಿಟ್ಟ ಲೆಕ್ಕ ಅದು.

ಇದಕ್ಕೆ ಮುಖ ಯಾಕಿಲ್ಲ ಎಂಬುದೂ ಅಲ್ಲೇ ತಿಳಿಯಿತು. ಇದು ಕಣ್ಣಿಗಲ್ಲ, ಕಿವಿಗೆ ಮಾಡಿದ ಯಂತ್ರ. ಇಂಗ್ಲಿಷಿನ ಕ್ಲಾಕ್ ಎಂಬ ಪದ ಬಂದಿದ್ದೇ ಬಾರಿಸುವ ಗಂಟೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ನಾವೂ ‘ಎಷ್ಟು ಗಂಟೆ’ ಅಂತಲೇ ಕೇಳುತ್ತೇವಲ್ಲ!

ಮಂಡಿ ಗಟ್ಟಿ ಇದ್ದವರು ಗೋಪುರದ ಟೂರ್‌ಗೂ ಮೊದಲೇ ಬುಕ್ ಮಾಡಿ. 332 ಮೆಟ್ಟಿಲು, ಕೊನೆಕೊನೆಗೆ ತುಂಬಾ ಇಕ್ಕಟ್ಟು. ಕಲ್ಲಿನ ಶಿಖರದ ಒಳಗೆ ಕಟ್ಟುವಾಗಿನ ಓಕ್ ಮರದ ಅಟ್ಟಣಿಗೆ ಇನ್ನೂ ಹಾಗೇ ಇದೆ.

ಮುಖವಿರುವ ಗಡಿಯಾರ ಇರುವುದು ವೆಲ್ಸ್ ಎಂಬ ಇನ್ನೊಂದು ಊರಿನ ಕ್ಯಾಥೀಡ್ರಲ್‌ನಲ್ಲಿ. ಅಲ್ಲಿಗೆ ರೈಲಿಲ್ಲ. ಸಾಲ್ಸ್‌ಬರಿಯಿಂದ ಬಾತ್‌ಗೆ ರೈಲು, ಸುಮಾರು ಒಂದು ಗಂಟೆ. ಅಲ್ಲಿ ರೈಲು ನಿಲ್ದಾಣದ ಪಕ್ಕದಲ್ಲೇ ಬಸ್ ನಿಲ್ದಾಣವಿದೆ. ಅಲ್ಲಿಂದ ವೆಲ್ಸ್‌ಗೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಒಂದೇ ದಿನಕ್ಕೆ ಎರಡನ್ನೂ ತುರುಕಬೇಡಿ, ರಾತ್ರಿ ವೆಲ್ಸ್‌ನಲ್ಲೇ ಉಳಿಯಿರಿ. ಭಾನುವಾರ ಬೇಡ. ಪ್ರಾರ್ಥನೆ ನಡೆಯುವಾಗ ಒಳಗೆಲ್ಲ ಓಡಾಡಲು ಆಗುವುದಿಲ್ಲ.

ಈ ಎರಡು ಊರನ್ನು ಜೋಡಿಸಿದವರು ಬಿಷಪ್ ರಾಲ್ಫ್ ಎರ್ಗಮ್. 1388ರಲ್ಲಿ ಅವರನ್ನು ಸಾಲ್ಸ್‌ಬರಿಯಿಂದ ಬಾತ್ ಮತ್ತು ವೆಲ್ಸ್‌ಗೆ ವರ್ಗ ಮಾಡಿದರು. ಸುಮಾರು 1390ರ ಹೊತ್ತಿಗೆ ವೆಲ್ಸ್‌ಗೂ ಗಡಿಯಾರ ಬಂತು. ಇದಕ್ಕೆ ಮುಖವಿದೆ, ಎಂಥ ಮುಖ! ಹೊರಗಿನ ಸುತ್ತಿನಲ್ಲಿ 24 ಗಂಟೆ, ಅಲ್ಲಿ ಸೂರ್ಯನೇ ಮುಳ್ಳು. ಒಳಗಿನ ಸುತ್ತಿನಲ್ಲಿ ಚಂದ್ರ, ಅದರ ವೃದ್ಧಿ ಕ್ಷಯದ ಸಮೇತ. ನಟ್ಟನಡುವೆ ಭೂಮಿ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದ ಕೊಪರ್ನಿಕಸ್ ಹುಟ್ಟಲು ಇನ್ನೂ 80 ವರ್ಷಕ್ಕೂ ಜಾಸ್ತಿ ಇತ್ತು.

ಕಾಲು ಗಂಟೆಗೊಮ್ಮೆ ಮುಖದ ಮೇಲ್ಗಡೆ ಕುದುರೆ ಸವಾರರು ಸುತ್ತು ಬರುತ್ತಾರೆ, ಒಬ್ಬ ಏಟು ತಿಂದು ಹಿಂದಕ್ಕೆ ಬೀಳುತ್ತಾನೆ. ಪ್ರತಿ ಸಲ ಬೀಳುವವನು ಅವನೇ. ಎಲ್ಲರೂ ಅವರನ್ನೇ ನೋಡುತ್ತಿರುತ್ತಾರೆ. ನೀವು ಬಲಗಡೆ ಮೇಲೆ ಕೂತ ಜ್ಯಾಕ್ ಬ್ಲಾಂಡಿಫರ್ಸ್ ಎಂಬ ಬೊಂಬೆಯನ್ನೂ ನೋಡಿ. ಅವನು ಹಿಮ್ಮಡಿಯಿಂದ ಗಂಟೆ ಒದೆಯುತ್ತಾನೆ. ಹೊರಗಿನ ಗೋಡೆಯಲ್ಲಿ ಇನ್ನೊಂದು ಮುಖವಿದೆ, ಅಲ್ಲಿ ಗಂಟೆ ಬಾರಿಸುವ ಇಬ್ಬರು ಯೋಧರಿದ್ದಾರೆ. ನಾವು ಒಳಗೆ ಮೂರು ಸಲ, ಹೊರಗೆ ಒಂದು ಸಲ ಕಾದು ನೋಡಿದೆವು. ಈ ಗಡಿಯಾರಕ್ಕೆ 2010ರ ತನಕ ಕೈಯಲ್ಲೇ ಕೀಲಿ ಕೊಡುತ್ತಿದ್ದರಂತೆ. ಈಗ ಮೋಟರ್ ಇದೆ.

ಮುಖ ಹಳೆಯದಾದರೂ ಅದರ ಹಿಂದಿನ ಯಂತ್ರ ಹೊಸದು. ಮೂಲ ಯಂತ್ರ 19ನೇ ಶತಮಾನದಲ್ಲೇ ಲಂಡನ್ನಿನ ಸೈನ್ಸ್ ಮ್ಯೂಸಿಯಂ ಸೇರಿದೆ. ವಾಪಸ್ ಲಂಡನ್ನಿಗೆ ಬಂದಾಗ ಅದಕ್ಕೂ ಒಂದು ಬೆಳಗ್ಗೆ ಇಟ್ಟುಕೊಳ್ಳಿ. ಮ್ಯೂಸಿಯಂ ಪ್ರವೇಶಕ್ಕೆ ದುಡ್ಡಿಲ್ಲ. ಈಗ ಯಾವ ಗ್ಯಾಲರಿಯಲ್ಲಿ ಇಟ್ಟಿದ್ದಾರೆ ಅಂತ ಮಾತ್ರ ಹೋಗುವ ಮುಂಚೆಯೇ ಕೇಳಿಕೊಂಡು ಹೋಗಿ.